ಹೌಸಾಬಾಯಿ ಹೂಂ ಅಂದದ್ದು

ಆ ಬೆಳಿಗ್ಗೆ ಹೊಳೆಯಿಂದ ಎದ್ದ ಮಂಜು ಜಾಂಭಳವಾಡಿಯ ಮೇಲೆ ಒದ್ದೆ ಕಂಬಳಿಯ ಹಾಗೆ ಬಿದ್ದುಕೊಂಡಿತ್ತು. ಹೊತ್ತು ಏರಿದರೂ ವಿಠೋಬನ ಗುಡಿಯ ಕಳಸ ಕಾಣಲಿಲ್ಲ. ಬೆಳಗಿನ ಆರತಿಯ ಗಂಟೆ ಮಾತ್ರ ಎಲ್ಲೋ ಮೋಡದ ಒಳಗಿನಿಂದ ಬಂದಂತೆ ಕೇಳಿಸಿತು. ಓಣಿಯ ಕಲ್ಲುಗಳೆಲ್ಲ ಬೆವೆತಿದ್ದವು. ಕೊಟ್ಟಿಗೆಯ ಎತ್ತುಗಳು ಉಸಿರು ಬಿಟ್ಟರೆ ಹೊಗೆ ಬಿಟ್ಟಂತಿತ್ತು. ಹೌಸಾಬಾಯಿ ಒಲೆಯ ಮುಂದೆ ಕೂತು ಭಾಕರಿ ತಟ್ಟುತ್ತಿದ್ದಳು. ಇಂಥ ಚಳಿಯಲ್ಲಿ ಹಿಟ್ಟು ಜಿಗುಟು ಹಿಡಿಯುವುದಿಲ್ಲ, ಬಿಸಿನೀರು ಹೆಚ್ಚು ಬೇಕು ಎಂದು ಮಗಳು ಮುಕ್ತಾಳನ್ನು ಚರಿಗೆ ತರಲು ಕಳಿಸಿದ್ದಳು.

ಮುಕ್ತಾ ಚರಿಗೆ ಬಿಟ್ಟು ಬರಿಗೈಯಲ್ಲಿ ಬಂದಳು. ಅಂಚೆಯವನು, ಪೊಲೀಸ ಪಾಟೀಲ, ಸಾಲಿಯ ಗುರೂಜಿ, ಮೂವರೂ ಕೂಡಿ ಬರುತ್ತಿದ್ದಾರೆ ಎಂದಳು.

ಅಂಚೆಯವನೊಬ್ಬನೇ ಬಂದರೆ ಅದು ಕಾಗದ. ಮೂವರು ಕೂಡಿ ಒಂದು ಮನೆಯ ಬಾಗಿಲಿಗೆ ಯಾಕೆ ಬರುತ್ತಾರೆಂಬುದು ಸಾತಾರೆಯ ಕಡೆಯ ಯಾವ ಹಳ್ಳಿಯ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಮನೆಗೊಬ್ಬ ಸಿಪಾಯಿ ಇರುವ ಊರು ಅದು. ಹೌಸಾಬಾಯಿ ಹಂಚಿನ ಮೇಲಿದ್ದ ಭಾಕರಿಯನ್ನು ತಿರುವಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಮಾವ ಬಾಳಕು ಫಡತರೆ ಮೂವರನ್ನೂ ನೋಡಿ ಹಿಗ್ಗಿದ. ಊರಿಗೆಲ್ಲ ಅವನು ತಾತ್ಯಾ. ಯುದ್ಧ ನಿಂತಿತು ಎಂದು ಪಂಚಾಯಿತಿಯ ರೇಡಿಯೋ ಹೇಳಿದ ಸಂಜೆ ಅರಳಿಕಟ್ಟೆಗೆ ಹೋಗಿ, ಕಂಡವರ ಕೈಗೆಲ್ಲ ಬೆಲ್ಲದ ಚೂರು ಇಟ್ಟು ಬಂದಿದ್ದ. ಮೊಮ್ಮಗ ಜಾಲಿಂದರ ತೋಪಿನವನು, ತೋಪಿನವನಿಗೆ ಏನಾಗುತ್ತದೆ, ಇನ್ನು ರಜೆ ಹಾಕಿ ಬರುವುದೊಂದೇ ಬಾಕಿ ಎಂದು ಅಂದಿನಿಂದ ಹೇಳುತ್ತಲೇ ಇದ್ದ.

"ಜಾಲ್ಯಾಗ ರಜಾ ಸಿಕ್ತೇನು?" ಎಂದು ಕೇಳಿದ. ಕಿವುಡರ ದನಿ ದೊಡ್ಡದು. ಓಣಿಯ ತುದಿಯವರೆಗೆ ಹೋಯಿತು. "ಯಾವತ್ತ ಬರ್ತಾನಂತ?"

ಗುರೂಜಿ ಪಾಟೀಲನ ಮುಖ ನೋಡಿದರು. ಪಾಟೀಲ ನೆಲ ನೋಡಿದ. ತಾತ್ಯಾನಿಗೆ ಒಂದು ಮಾತು ಮುಟ್ಟಬೇಕಾದರೆ ಅವನ ಎಡಗಿವಿಗೆ ಬಾಯಿ ಹಚ್ಚಿ ಕೂಗಬೇಕು. ಈ ಮಾತನ್ನು ಕೂಗುವುದು ಹೇಗೆ? ಗುರೂಜಿ ತಂತಿಯ ಕಾಗದವನ್ನು ಬಾಗಿಲ ಮರೆಯಲ್ಲಿ ನಿಂತ ಹೌಸಾಬಾಯಿಗೆ ಮೆಲ್ಲಗೆ ಓದಿ ಹೇಳಿದರು. ತೋಪಖಾನೆಯ ಜವಾನ ಜಾಲಿಂದರ ಗಣಪತ ಫಡತರೆ, ಪಶ್ಚಿಮದ ಗಡಿಯಲ್ಲಿ, ವೈರಿಯ ಗುಂಡಿಗೆ ಬಲಿ. ಅಲ್ಲಿಯೇ ಸಂಸ್ಕಾರ ಮಾಡಿದ್ದರು.

"ಏನಂದ್ರು?" ತಾತ್ಯಾ ಮತ್ತೆ ಕೇಳಿದ. "ಯಾರರ ಹೇಳ್ರಿ. ಯಾವತ್ತ ಬರ್ತಾನಂತ?"

ಹೌಸಾಬಾಯಿ ಒಳಗೆ ಹೋದಳು, ಉರಿಯುತ್ತಿದ್ದ ಕಟ್ಟಿಗೆಗಳನ್ನು ಒಲೆಯಿಂದ ಹೊರಗೆಳೆದಳು, ಕೊಡದ ನೀರನ್ನು ಬೂದಿಯ ಮೇಲೆ ಸುರಿದಳು. ಸಾವಿನ ಮನೆಯಲ್ಲಿ ಒಲೆ ಉರಿಯಬಾರದು. ಒದ್ದೆ ಹೊಗೆ ಬಾಗಿಲಿನಿಂದ ಹೊರಬಿದ್ದು ಕಟ್ಟೆಯ ಮೇಲೆ ಹಾದು ಮಂಜಿನಲ್ಲಿ ಕೂಡಿಕೊಂಡಿತು. ತಾತ್ಯಾ ಆ ಹೊಗೆಯನ್ನು ನೋಡುತ್ತ ಕೂತ. ಆಮೇಲೆ ಕಂಬಳಿಯನ್ನು ತಲೆಯ ಮೇಲೆಳೆದುಕೊಂಡ. ಅವನಿಗೆ ಮುಟ್ಟಿತ್ತು.

ಹೆಣ ಬರದ ಸಾವಿಗೆ ಅಳುವುದೂ ಕಷ್ಟ. ಹೊಳೆಯ ದಂಡೆಯಲ್ಲಿ ದರ್ಭೆಯದೊಂದು ಆಕಾರ ಮಾಡಿ ಭಟ್ಟರು ಅದಕ್ಕೇ ಎಲ್ಲ ಕರ್ಮ ಮಾಡಿಸಿದರು. ಅಪ್ಪ ಗಣಪತ ಮುಂಬಯಿಯ ಗಿರಣಿಯಿಂದ ಬಂದು ತಲೆ ಬೋಳಿಸಿಕೊಂಡ. ಒಲೆ ಹೊತ್ತಿಸದ ದಿನಗಳಲ್ಲಿ ನೆರೆಯ ಗಂಗೂಬಾಯಿ ಹಾಗೂ ಓಣಿಯ ಉಳಿದ ಹೆಂಗಸರು ಸರದಿಯಂತೆ ಭಾಕರಿ, ಜುಣಕ, ಹುರಳಿಯ ಕಟ್ಟು ತಂದಿಟ್ಟು ಹೋದರು. ಸಾಲಿಯಲ್ಲಿ ಜಾಲಿಂದರನ ಪಟಕ್ಕೆ ಹಾರ ಹಾಕಿದರು. ಮಕ್ಕಳಿಂದ ಜಯಕಾರ ಹಾಕಿಸಿದರು. ಪಾಂಡುರಂಗನ ಇಚ್ಛೆ ಎಂದು ಬಂದವರೆಲ್ಲ ಅಂದರು. ಹೌಸಾಬಾಯಿ ಯಾರಿಗೂ ಎದುರಾಡಲಿಲ್ಲ. ಪಾಂಡುರಂಗನ ಇಚ್ಛೆಗೆ ಮೊದಲು ಈ ಮನೆಯೊಳಗೆ ಇನ್ನೊಬ್ಬರ ಇಚ್ಛೆ ನಡೆದಿತ್ತೆಂದು ಅವಳಿಗೆ ಗೊತ್ತಿತ್ತು.

ಒಲೆ ಮತ್ತೆ ಹೊತ್ತಿದ ದಿನ ಅವಳು ತಾತ್ಯಾನ ತಾಟನ್ನು ಮುಕ್ತಾಳ ಕಡೆ ಸರಿಸಿದಳು. ಅವನಿಗೆ ಹಲ್ಲಿಲ್ಲ. ಭಾಕರಿಯನ್ನು ಸಣ್ಣಗೆ ಮುರಿದು, ಹಾಲಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಅವನ ಕೈಗೆ ಕೊಡಬೇಕು. ಈ ಮನೆಗೆ ಬಂದಾಗಿನಿಂದ ಆ ತಾಟು ಹೌಸಾಬಾಯಿಯ ಕೈಯದು. ಈಗ ಮುಕ್ತಾ ಅದನ್ನು ಒಯ್ದಳು. ಎರಡು ದಿನ ಗಣಪತ ಸುಮ್ಮನೆ ನೋಡಿದ. ಮೂರನೆಯ ದಿನ ಊಟಕ್ಕೆ ಕೂತವನು ಕೇಳಿದ.

"ತಾತ್ಯಾನ ತಾಟು ಹುಡುಗಿ ಯಾಕ ಒಯ್ಯಾಕತ್ತಾಳ?"

"ಆಕಿಗೂ ಕೈ ಅದಾವು."

"ನಾ ಕೇಳಿದ್ದು ಅದಲ್ಲ."

"ನಾ ಹೇಳೂದೂ ಅದಲ್ಲ. ಉಣ್ರಿ."

ಗಣಪತ ತುತ್ತನ್ನು ತಾಟಿನಲ್ಲಿ ಬಿಟ್ಟ. "ಮುದುಕ ಮನುಷ್ಯಾ. ಅವಂಗೂ ಮೊಮ್ಮಗ ಹೋಗ್ಯಾನ."

"ಯಾರು ಕಳಿಸಿದ್ರು?" ಎಂದಳು ಹೌಸಾಬಾಯಿ. "ಅವನ್ನ ಗಿರಣಿಯಾಗ ನಿಮ್ಮ ಕೈಕೆಳಗ ಹಚ್ರಿ ಅಂತ ನಾ ಬಡಕೊಂಡೆ. ತೋಪಿಗೆ ಹೋದವರ ಕೂದಲಾ ಕೊಂಕೂದಿಲ್ಲ ಅಂದವರು ಯಾರು? ನೀವು ಮುಂಬಯಿದಾಗ ಕೂತಿದ್ರಿ. ನನಗ ಈ ಮನ್ಯಾಗ ಬಾಯಿ ಎಲ್ಲಿತ್ತು?"

ಗಣಪತ ತಾಟು ಸರಿಸಿ ಎದ್ದ. ರಜೆ ಮುಗಿದ ಮುಂಜಾನೆ ಅವನು ಅಪ್ಪನ ಕಾಲಿಗೆ ಬಿದ್ದು, ಹೆಂಡತಿಗೆ ಒಂದು ಮಾತೂ ಹೇಳದೆ ಎಸ್ಟಿ ಬಸ್ಸು ಹತ್ತಿದ. ಚೀಲದಲ್ಲಿ ಹೌಸಾಬಾಯಿ ಕಟ್ಟಿಕೊಟ್ಟ ಚಟ್ನಿ ಭಾಕರಿ ಇದ್ದವು.

ಬಾಯಿ ಎಲ್ಲಿತ್ತು ಎಂದು ಅವಳು ಅಂದದ್ದು ಸುಳ್ಳಲ್ಲ. ಫಡತರೆಯವರ ಮನೆಯ ಸೊಸೆ ಮಾವನ ಎದುರು ಸೆರಗು ಹೊದ್ದು, ಬಾಗಿಲ ಮರೆಯಲ್ಲಿ ನಿಂತು, ದನಿ ತಗ್ಗಿಸಿ ಮಾತಾಡಬೇಕು. ತಗ್ಗಿದ ದನಿ ಆ ಮಾವನಿಗೆ ಕೇಳಿಸದು. ಕೇಳಿಸುವಂಥ ದನಿ ಸೊಸೆಗೆ ಸಲ್ಲದು. ಹಿಂದಿನ ದೊಡ್ಡ ಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಹೇಸರಗತ್ತೆಗಳ ಮೇಲೆ ತೋಪು ಹೇರಿಕೊಂಡು ತಿರುಗಿದವನು ಅವನು. ಕಿವಿಗಳನ್ನು ಅಲ್ಲಿಯೇ ಬಿಟ್ಟು ಬಂದಿದ್ದ. ಸಂಜೆಯ ಭಜನೆಯಲ್ಲಿ ಕೂಡ ಬೇರೆಯವರ ಕೈ ನೋಡುತ್ತಲೇ ತಾಳ ಹಾಕುತ್ತಿದ್ದ, ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. ಹೀಗಾಗಿ ಹೌಸಾಬಾಯಿ ಮದುವೆಯಾಗಿ ಬಂದ ಮೇಲೆ ಮಾವನೊಡನೆ ನೇರವಾಗಿ ಒಂದು ಮಾತನ್ನೂ ಆಡಿರಲಿಲ್ಲ. ಮೊದಲು ಅತ್ತೆ ಇದ್ದಳು. ಅತ್ತೆ ತೀರಿಕೊಂಡ ಮೇಲೆ ಜಾಲಿಂದರನಿಗೆ ಮಾತು ಬಂತು. ಅಂದಿನಿಂದ ಅವನೇ ಅವಳ ಬಾಯಿ. ಎಮ್ಮೆ ಮಾರಬೇಕೋ ಬೇಡವೋ, ಹೊಲಕ್ಕೆ ಯಾವ ಬೀಜ, ತಾತ್ಯಾ ಮಾತ್ರೆ ನುಂಗಿದನೋ ಇಲ್ಲವೋ, ಎಲ್ಲವನ್ನೂ ಅವನು ಅಜ್ಜನ ಕೊರಳಿಗೆ ಜೋತುಬಿದ್ದು ಎಡಗಿವಿಗೆ ಕೂಗುತ್ತಿದ್ದ. ಎಂಟು ವರ್ಷದ ಹುಡುಗನ ಗಂಟಲು ಹೊಳೆಯ ಆಚೆ ದಂಡೆಗೆ ಕೇಳುತ್ತಿತ್ತು. ಫಡತರೆ ಮನೆಯಲ್ಲಿ ಗುಟ್ಟೇ ಇಲ್ಲ, ಅಡಿಗೆಗೆ ಏನು ಹಾಕಿದ್ದಾರೆಂದು ನಮಗೂ ಗೊತ್ತಾಗುತ್ತದೆ ಎಂದು ಗಂಗೂಬಾಯಿ ನಗುತ್ತಿದ್ದಳು.

ಆ ಹುಡುಗನಿಗೇ ಸೈನ್ಯದ ಹುಚ್ಚು ಹತ್ತಿತು. ಪಾಯದಳದವನು ಮುಂದೆ ನಿಂತು ಎದೆ ಕೊಡುತ್ತಾನೆ, ತೋಪಿನವನು ಎರಡು ಮೂರು ಹರದಾರಿ ಹಿಂದೆ ನಿಂತು ಗುಂಡು ಹಾರಿಸುತ್ತಾನೆ, ಚಹಾ ಕೂಡ ಬಿಸಿಯಾಗಿಯೇ ಕುಡಿಯುತ್ತಾನೆ ಎಂದು ತಾತ್ಯಾ ಹೇಳುತ್ತಿದ್ದ. ತಾನು ತಿರುಗಿದ ಕಾಡಿನಲ್ಲಿ ವೈರಿಗಳ ಹತ್ತಿರ ದೊಡ್ಡ ತೋಪುಗಳೇ ಇರಲಿಲ್ಲ. ಎಲ್ಲ ಯುದ್ಧವೂ ಹಾಗೆಯೇ ಎಂದು ಅವನು ನಂಬಿದ್ದ. ಮನೆತನದವರೆಲ್ಲ ಪಾಯದಳಕ್ಕೆ ಹೋಗುವವರು. ತಾತ್ಯಾ ಮಾತ್ರ ತನಗೆ ಗುರುತಿದ್ದ ಹವಾಲದಾರನೊಬ್ಬನನ್ನು ಹಿಡಿದು, ಮೊಮ್ಮಗನನ್ನು ತೋಪಖಾನೆಗೇ ಹಾಕಿಸುತ್ತೇನೆ ಎಂದ.

ಎರಡು ವರ್ಷದ ಹಿಂದಿನ ಮಾತು. ಶಾಳು ಜೋಳ ಹಾಲು ತುಂಬಿತ್ತು. ತಾತ್ಯಾ ಹೊಲದ ಅಟ್ಟಣಿಗೆಯ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದ. ಮರುದಿನ ಸಾತಾರೆಯಲ್ಲಿ ಸೈನ್ಯದ ಭರ್ತಿ. ಹೌಸಾಬಾಯಿ ಬುತ್ತಿ ಕಟ್ಟಿ ಮಗನ ಕೈಗೆ ಕೊಡುತ್ತ ಅಂದಳು:

"ತಾತ್ಯಾಗ ಹೇಳು. ನಾ ಒಲ್ಲೆ ಅಂದಾಳ ಅಂತ ಹೇಳು. ಒಬ್ಬನ ಮಗ, ಕಳಿಸಾಕಿ ಅಲ್ಲ ನಾನು. ನಾ ಹೇಳಿದ್ದನ್ನ ಹೇಳಿದಂಗ ಹೇಳಬೇಕು, ತಿಳೀತೇನು?"

ಜಾಲಿಂದರ ಮುಖ ಸಣ್ಣದು ಮಾಡಿಕೊಂಡು ತಂಗಿಯ ಜೊತೆ ಹೋದ. ಮಧ್ಯಾಹ್ನ ಬಂದವನು ತಾಯಿಯ ಮುಖ ನೋಡದೆ, ಖಾಲಿ ಬುತ್ತಿಯನ್ನು ಗೂಟಕ್ಕೆ ಸಿಕ್ಕಿಸುತ್ತ ಹೇಳಿದ: "ಹೇಳಿದೆ ಆಯಿ. ತಾತ್ಯಾ ಕೇಳವಲ್ಲರು. ಈ ಮನ್ಯಾಗ ಇನ್ನೂ ನನ್ನ ಮಾತು ನಡೀತೈತಿ, ನಾಳಿಗೆ ಹೋಗೂದ ಖರೆ ಅಂದ್ರು."

ಹೌಸಾಬಾಯಿ ಅವತ್ತು ಊಟ ಮಾಡಲಿಲ್ಲ. ಮರುದಿನ ನಸುಕಿನಲ್ಲಿ ಅಜ್ಜ ಮೊಮ್ಮಗ ಕೂಡಿ ಹೋದರು. ಸಂಜೆ ತಾತ್ಯಾ ಒಬ್ಬನೇ ತಿರುಗಿ ಬಂದು, ಬಾಗಿಲ ಮರೆಯ ಸೊಸೆಗೆ ಕೇಳಲೆಂದು, ಆಗಿ ಹೋಯಿತು, ತೋಪಖಾನೆಗೇ ತೆಗೆದುಕೊಂಡರು ಎಂದು ದೊಡ್ಡ ದನಿಯಲ್ಲಿ ಸಾರಿದ. ಅವನ ಮುಖದ ತುಂಬ ನಗೆಯಿತ್ತು. ಆ ನಗೆಯನ್ನು ಅವಳು ಮರೆಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಜಾಲಿಂದರನ ಟ್ರಂಕು ಬಂತು. ತಂದವನು ಅವನದೇ ತೋಪಿನ ಲಾನ್ಸ್ ನಾಯಕ ಬಾಪೂ ಮಾನೆ, ತಾಸಗಾವದ ಕಡೆಯವನು. ಗುಂಡಿನ ಚೂರು ಬಡಿದ ತೋಳಿಗೆ ಇನ್ನೂ ಪಟ್ಟಿ ಇತ್ತು. ಆಸ್ಪತ್ರೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಇಳಿದಿದ್ದ. ಅವನನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು. ಓಣಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ಕೂತರು. ತಾತ್ಯಾ ಅವನ ಪಕ್ಕಕ್ಕೇ ಸರಿದು ಕೂತು, ಅವನ ತುಟಿಗಳನ್ನೇ ನೋಡುತ್ತಿದ್ದ. ಹೌಸಾಬಾಯಿ ಬಾಗಿಲ ಮರೆಯಲ್ಲಿ.

ಮಾನೆ ಮೊದಲು ನಗಿಸುವ ಮಾತು ಆಡಿದ. ಜಾಲಿಂದರ ತಮ್ಮ ತೋಪಿಗೆ ಮನೆಯ ಎತ್ತಿನ ಹೆಸರು ಇಟ್ಟಿದ್ದನಂತೆ, ಸರ್ಜಾ ಎಂದು. ದಿನಾ ಬೆಳಿಗ್ಗೆ ಅದರ ಕೊಳವೆ ಒರೆಸುವಾಗ ಸರ್ಜಾ ಹುಲ್ಲು ತಿಂದನೋ ಎಂದು ಕೇಳುತ್ತಿದ್ದನಂತೆ. ಸಾಹೇಬರೂ ಕೊನೆಗೆ ಹಾಗೆಯೇ ಕರೆಯತೊಡಗಿದರಂತೆ. ಅಂಗಳದವರು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ಮಾನೆ ಚಹಾದ ಬಟ್ಟಲನ್ನು ಕೆಳಗಿಟ್ಟ.

ಕಬ್ಬಿನ ಹೊಲದಲ್ಲಿ ತೋಪುಗಳನ್ನು ನಿಲ್ಲಿಸಿದ್ದರು. ಹಿಂದೆ ಒಂದು ಗುಂಡಿಯಲ್ಲಿ ಸಾಹೇಬರು. ಅಲ್ಲಿಂದ ತಂತಿಯ ಫೋನಿನಲ್ಲಿ ಒಂದೊಂದು ತೋಪಿಗೂ ಅಂಕಿ ಬರಬೇಕು, ಎಷ್ಟು ಎತ್ತರ, ಯಾವ ದಿಕ್ಕು ಎಂದು. ಎರಡನೆಯ ದಿನವೇ ವೈರಿಯ ಗುಂಡು ಬಿದ್ದು ತಂತಿ ತುಂಡಾಯಿತು. ಜೋಡಿಸಿದರು, ಮತ್ತೆ ತುಂಡಾಯಿತು.

"ಆ ಸದ್ದಿನಾಗ ಯಾರ ದನಿ ಯಾರಿಗೆ ಕೇಳಬೇಕು," ಎಂದ ಮಾನೆ. "ಇವಂದು ಮಾತ್ರ ಕೇಳ್ತಿತ್ತು. ಸಾಹೇಬರ ಗುಂಡಿಗೂ ತೋಪಿಗೂ ನಡುವ ನಿಂತ, ಅವರು ಹೇಳಿದ್ದನ್ನ ಕೂಗಿ ನಮಗ ಮುಟ್ಟಸ್ತಿದ್ದ. ಇಂಥಾ ಗಂಟಲಾ ಎಲ್ಲಿಂದ ತಂದ್ಯೋ ಅಂತ ಕೇಳಿದ್ರ, ಮನ್ಯಾಗ ತಾತ್ಯಾ ಅದಾರ ಅಂತಿದ್ದ. ಒಂದ ಅಂಕಿ ತಪ್ಪಲಿಲ್ಲ, ತಾಯಿ. ಸಾಹೇಬರು ಹೇಳಿದ್ದನ್ನ ಹೇಳಿದಂಗ ಮುಟ್ಟಿಸಿದ."

ಮುಕ್ತಾ ಕಂಬ ಹಿಡಿದು ನಿಂತಿದ್ದಳು. ತಲೆ ತಗ್ಗಿಸಿದಳು.

ಉಳಿದವರು ಗುಂಡಿಯೊಳಗೆ ಇಳಿಯಬಹುದಿತ್ತು, ಕೂಗುವವನು ನಿಂತೇ ಇರಬೇಕು. ಮೂರನೆಯ ಬೆಳಗು ಹಾಗೆ ನಿಂತಿದ್ದಾಗಲೇ ಅವನ ಬದಿಗೆ ಗುಂಡು ಬಿತ್ತು. ನರಳಾಟ ಇರಲಿಲ್ಲ ಎಂದು ಮಾನೆ ಹೇಳಿದ. ಇರಲಿಲ್ಲವೋ, ತಾಯಿಗೆ ಹೇಳುವಾಗ ಇರಲಿಲ್ಲವೆನ್ನಬೇಕೋ, ಅದು ದೇವರಿಗೆ ಗೊತ್ತು.

ಬಾಗಿಲ ಮರೆಯಿಂದ ಹೌಸಾಬಾಯಿ ಒಂದೇ ಒಂದು ಮಾತು ಕೇಳಿದಳು. ತೋಪಿನವರು ಹಿಂದೆ ಇರುತ್ತಾರೆ, ಅವರಿಗೆ ಏನೂ ಆಗುವುದಿಲ್ಲ ಅನ್ನುತ್ತಾರಲ್ಲ?

"ಯಾರಂದ್ರು ತಾಯಿ?" ಮಾನೆ ಎಳೆಯ ಹುಡುಗನಂತೆ ಬೆರಗಾದ. "ವೈರಿ ತೋಪು ಮೊದಲ ಹುಡುಕೂದ ನಮ್ಮ ತೋಪನ್ನ. ಹೊಗಿ ಕಂಡ್ರ ಸಾಕು."

"ಏನಂದ?" ಎಂದ ತಾತ್ಯಾ. "ಏನಂದ ಅವ? ಮುಕ್ತೇ, ಏನಂದ?"

ಮುಕ್ತಾ ಕಂಬದ ಹಿಂದೆ ಸರಿದಳು. ಆಗ ಹೌಸಾಬಾಯಿ ಹೊಸ್ತಿಲು ದಾಟಿ ಬಂದಳು. ಊರ ಗಂಡಸರು ಕೂತಿದ್ದರು, ಪಾಟೀಲ ಕೂತಿದ್ದ. ತಲೆಯ ಸೆರಗು ಹೆಗಲಿಗೆ ಜಾರಿದ್ದು ಅವಳಿಗೆ ತಿಳಿಯಲಿಲ್ಲ. ಮಾವನ ಎಡಗಿವಿಯ ಹತ್ತಿರ ಬಾಗಿ, ತನ್ನಲ್ಲಿ ಇದೆಯೆಂದು ತನಗೇ ಗೊತ್ತಿರದ ದನಿಯಲ್ಲಿ ಕೂಗಿದಳು.

"ತೋಪಿನವರನ್ನ ಮೊದಲ ಕೊಲ್ತಾರ ಅಂದ. ನಾ ಒಲ್ಲೆ ಅಂದಿದ್ದೆ ಮಾಮಂಜಿ. ಒಬ್ಬನ ಮಗ, ಬ್ಯಾಡ ಅಂತ ಹೊಲಕ್ಕ ಹೇಳಿ ಕಳಿಸಿದ್ದೆ. ನಿಮ್ಮ ಮಾತು ನಡೀಬೇಕಾಗಿತ್ತು, ನಡೀತು. ನನ್ನ ಮಗನ್ನ ತಿಂದವರು ನೀವು."

ಮರದ ಮೇಲಿನ ಗಿಳಿಗಳು ಹಾರಿದವು. ತಾತ್ಯಾ ಸೊಸೆಯ ಮುಖವನ್ನು ನೋಡಿದ. ಇಷ್ಟು ವರ್ಷದಲ್ಲಿ ಆ ಮುಖವನ್ನು ಹೀಗೆ ನೇರವಾಗಿ ಅವನು ನೋಡಿದ್ದು ಇದೇ ಮೊದಲು.

"ಒಲ್ಲೆ ಅಂದಿದ್ದಿ?" ಎಂದ. ಅವನ ದನಿ ಅಪರೂಪಕ್ಕೆ ಸಣ್ಣದಾಗಿತ್ತು.

"ಅಂದಿದ್ದೆ."

ತಾತ್ಯಾ ಏನೋ ಹೇಳಲು ಹೋದ. ಅವನ ಕಣ್ಣು ಕಟ್ಟೆಯ ಮೇಲಿನ ಟ್ರಂಕಿನ ಮೇಲೆ, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರಿನ ಮೇಲೆ ನಿಂತಿತು. ಅವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಅದು ಯಾರ ಹೆಸರೆಂದು ಗೊತ್ತಿತ್ತು. ಬಾಯಿ ಮುಚ್ಚಿಕೊಂಡ.

"ಹೂಂ," ಎಂದ ಕೊನೆಗೆ. "ತಪ್ಪು ನಂದ." ಕೋಲು ಹುಡುಕಿ ಎದ್ದು ಕೊಟ್ಟಿಗೆಯ ಕಡೆ ನಡೆದ.

ಅಲ್ಲಿಂದ ಊರು ಬೇರೆಯಾಯಿತು. ಮಾವನ ಮೈಮೇಲೆ ಹೀಗೆ ಹೋಗಬಹುದೇ ಎಂದು ಮುದುಕಿಯರು ಮೊದಲೆರಡು ದಿನ ಆಡಿಕೊಂಡರು. ಆಮೇಲೆ ಮಾತು ತಿರುಗಿತು. ಹೆತ್ತವಳು ಒಲ್ಲೆ ಅಂದರೂ ಕಳಿಸಿದನಂತೆ, ತನ್ನ ಹಳೆಯ ಪ್ರತಾಪ ಮೊಮ್ಮಗನ ಮೇಲೆ ಹೇರಿದನಂತೆ ಎಂದರು. ಅರಳಿಕಟ್ಟೆಯಲ್ಲಿ ತಾತ್ಯಾ ಕೂತರೆ ಪಕ್ಕದವನಿಗೆ ಏನೋ ಕೆಲಸ ನೆನಪಾಗಿ ಎದ್ದು ಹೋಗುವನು. ಯಾರು ಏನು ಆಡುತ್ತಾರೆಂದು ಕಿವುಡನಿಗೆ ಕೇಳಿಸಬೇಕಾಗಿಲ್ಲ. ಅವನು ಕಟ್ಟೆಗೆ ಹೋಗುವುದನ್ನು ಬಿಟ್ಟ, ಸಂಜೆಯ ಭಜನೆ ಬಿಟ್ಟ. ಬೆಳಗಾದರೆ ಹೊಲದ ಅಟ್ಟಣಿಗೆ ಹತ್ತುವನು. ಕತ್ತಲಾಗುವ ಮೊದಲು ಬಂದು, ಮುಕ್ತಾ ಕೊಟ್ಟಿದ್ದನ್ನು ಕೊಟ್ಟಿಗೆಯಲ್ಲೇ ಉಂಡು ಮಲಗುವನು.

ತನ್ನ ಎದೆ ಹಗುರಾಗಬೇಕಿತ್ತು ಎಂದು ಹೌಸಾಬಾಯಿಗೆ ಅನಿಸುತ್ತಿತ್ತು. ಆಗಿರಲಿಲ್ಲ. ಬೀಸುವಾಗ, ಸೆಗಣಿ ಬಳಿಯುವಾಗ, ನೀರಿಗೆ ಹೋಗುವಾಗ ಆ ಸಣ್ಣ ದನಿ ಕೇಳಿಸುತ್ತಿತ್ತು: ಒಲ್ಲೆ ಅಂದಿದ್ದಿ? ಗೊತ್ತಿದ್ದ ಮಾತನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ?

ಒಂದು ಮಧ್ಯಾಹ್ನ ಮುಕ್ತಾ ಹೊಲಕ್ಕೆ ಬುತ್ತಿ ಒಯ್ದು ತಿರುಗಿ ಬಂದು ಬೀಸುಕಲ್ಲಿನ ಎದುರು ಕೂತಳು. ಗೂಟ ಹಿಡಿದಳು, ಕಲ್ಲು ತಿರುಗಿಸಲಿಲ್ಲ.

"ತಾತ್ಯಾ ಉಣ್ಣವಲ್ಲರು ಆಯಿ. ಅರ್ಧಾ ಹಕ್ಕಿಗೆ ಹಾಕ್ತಾರ."

"ಹಸಿವಿ ಇದ್ರ ಉಣ್ತಾರ."

"ನಾ ಒಂದು ಹೇಳ್ತೀನಿ, ಬಡೀಬಾರದು."

ಹೌಸಾಬಾಯಿ ಕಾಳು ಹಾಕುವ ಕೈ ನಿಲ್ಲಿಸಿದಳು.

"ಅವತ್ತ ದಾದಾ ನೀ ಹೇಳಿದ್ದನ್ನ ಹೇಳಲಿಲ್ಲ," ಎಂದಳು ಮುಕ್ತಾ. "ನಾ ಅಲ್ಲೇ ಇದ್ದೆ. ಅಟ್ಟಣಿಗಿ ಹತ್ತಿ ತಾತ್ಯಾನ ಕಿವಿಯಾಗ ಕೂಗಿದ, ಆಯಿ ಹೂಂ ಅಂದಾಳ, ಸಂತೋಷದಲೆ ಕಳಸ್ತಾಳಂತ ಅಂತ. ತಾತ್ಯಾ ಎಷ್ಟ ಖುಷಿ ಆದ್ರು. ನಿಮ್ಮವ್ವ ಧೀರಿ ಅದಾಳೋ ಅಂದ್ರು. ಬರೂವಾಗ ದಾದಾ ನನ್ನ ಕಡಿಂದ ವಿಠೋಬನ ಆಣಿ ಮಾಡಿಸಿಕೊಂಡ. ಮೊದಲನೆ ರಜಾಕ್ಕ ಬಂದಾಗ ತಾನ ಆಯಿಗೆ ಹೇಳಿ ಕಾಲ ಹಿಡೀತೀನಿ ಅಂದಿದ್ದ. ಬಂದಾಗ ಹೇಳಾಕ ಧೈರ್ಯ ಆಗಲಿಲ್ಲ. ಮುಂದಿನ ಸಲಾ ಅಂದ."

ಬೀಸುಕಲ್ಲಿನ ಸುತ್ತ ಬಿದ್ದಿದ್ದ ಹಿಟ್ಟನ್ನು ಹೌಸಾಬಾಯಿ ಬೆರಳಿನಿಂದ ಒಂದು ಕಡೆ ಸೇರಿಸಿದಳು. ಸೇರಿಸಿದ್ದನ್ನು ಮತ್ತೆ ಸೇರಿಸಿದಳು. ಮಗಳನ್ನು ಹೊಡೆಯಲಿಲ್ಲ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದೂ ಕೇಳಲಿಲ್ಲ. ಮಗನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಬುತ್ತಿಯನ್ನು ಗೂಟಕ್ಕೆ ಸಿಕ್ಕಿಸುವಾಗ ಅವನು ಅವಳಿಗೆ ಬೆನ್ನು ಮಾಡಿ ನಿಂತಿದ್ದ. ಅಂಗಿಯ ಹೆಗಲು ಹರಿದಿತ್ತು, ನಾಳೆ ಹೊಲಿಯಬೇಕು ಎಂದುಕೊಂಡಿದ್ದಳು. ಸಿಟ್ಟು ಬರಬೇಕಾದ ಜಾಗದಲ್ಲಿ ಆ ಹರಿದ ಹೆಗಲೇ ಬಂದು ನಿಂತಿತು.

"ನಾ ಅವತ್ತ ಅಂಗಳದಾಗ ಕೂಗಿದಾಗ," ಎಂದಳು, "ತಾತ್ಯಾಗ ತಿಳೀತು."

"ತಿಳೀತು," ಎಂದಳು ಮುಕ್ತಾ. "ಹೇಳಬಹುದಿತ್ತು ಅವರು. ಹುಡುಗ ಬಂದು ಹೂಂ ಅಂದಾಳ ಅಂದ ಅಂತ ಹೇಳಿದ್ರ ಮುಗೀತಿತ್ತು. ಹೇಳಲಿಲ್ಲ. ಆಯಿ, ನಾನ ಹೋಗಿ ಓಣ್ಯಾಗ ಹೇಳ್ಲೇನು?"

"ಏನಂತ ಹೇಳ್ತಿ? ಸಾಲ್ಯಾಗ ಹಾರ ಹಾಕಿಸಿಕೊಂಡವ ಹೆತ್ತಾಕಿಗೆ ಸುಳ್ಳ ಹೇಳಿ ಹೋಗಿದ್ದ ಅಂತನೋ? ಗಂಗೂಬಾಯಿ ಬಾಯಿಗೆ ಅವನ ಹೆಸರು ಕೊಡಲೇನು?" ಹೌಸಾಬಾಯಿ ಗೂಟಕ್ಕೆ ಕೈ ಹಾಕಿದಳು. "ಮುದುಕ ಬಾಯಿ ಮುಚ್ಚಿಕೊಂಡದ್ದು ಅದಕ್ಕ. ತಿರುವು."

ಇಬ್ಬರೂ ಕೂಡಿ ಉಳಿದ ಜೋಳ ಬೀಸಿದರು. ಆ ಸಂಜೆ ಹೌಸಾಬಾಯಿ ಗುಡಿಗೆ ಹೋದಳು. ಭಜನೆ ಆಗಿನ್ನೂ ಶುರುವಾಗಿರಲಿಲ್ಲ. ಗಂಡಸರು ಕೂರುವ ಸಾಲಿನಲ್ಲಿ ತಾತ್ಯಾನ ಜಾಗದಲ್ಲಿ ಯಾರದೋ ಚಪ್ಪಲಿ ಚೀಲ ಇತ್ತು. ಸೊಂಟದ ಮೇಲೆ ಕೈ ಇಟ್ಟು ನಿಂತ ದೇವರ ಮುಂದೆ ಅವಳೂ ನಿಂತಳು. ಏನನ್ನೂ ಬೇಡಿಕೊಳ್ಳಲಿಲ್ಲ. ಎಲ್ಲರ ಮಾತನ್ನೂ ಕೇಳಿಸಿಕೊಂಡು ತಾನು ಒಂದನ್ನೂ ಆಡದೆ ಇಷ್ಟು ಕಾಲ ನಿಂತಿರುವುದು ಎಂಥ ಕಷ್ಟದ ಕೆಲಸ ಎಂದು ಮಾತ್ರ ಅವಳಿಗೆ ಅನಿಸಿತು.

ಮರುದಿನ ಹೊತ್ತು ಇಳಿಯುವಾಗ ಅವಳು ಭಾಕರಿ ಮಾಡಿ ಮುಗಿಸಿ, ಕೈ ತೊಳೆದು, ತಲೆಯ ಸೆರಗನ್ನು ಸರಿಯಾಗಿ ಹೊದ್ದು ಬಂದು ಹೊಸ್ತಿಲ ಹೊರಗೆ ನಿಂತಳು. ಅದು ಓಣಿ ತುಂಬುವ ಹೊತ್ತು. ದನಗಳು ಬರುತ್ತಿದ್ದವು. ಹೆಂಗಸರು ದೀಪ ಹಚ್ಚಿ ಬಾಗಿಲಲ್ಲಿ ಕೂತಿದ್ದರು. ತಾಳ, ಮೃದಂಗ ಹಿಡಿದು ಗಂಡಸರು ಗುಡಿಯ ಕಡೆ ಹೊರಟಿದ್ದರು. ಅವರ ನಡುವೆ, ಯಾರ ಕಡೆಯೂ ನೋಡದೆ, ತಾತ್ಯಾ ಹೊಲದಿಂದ ಬರುತ್ತಿದ್ದ. ಕೊಟ್ಟಿಗೆಯ ಬಾಗಿಲಿಗೆ ತಿರುಗಬೇಕು ಅನ್ನುವಷ್ಟರಲ್ಲಿ ಹೌಸಾಬಾಯಿ ಅಂಗಳ ದಾಟಿ ಅವನ ಎದುರು ನಿಂತಳು.

ಅವನು ನಿಂತ. ಇನ್ನೊಂದು ಪೆಟ್ಟಿಗೆ ತಯಾರಾದವನಂತೆ ತಲೆ ತಗ್ಗಿಸಿ, ತಾನಾಗಿಯೇ ಎಡಗಿವಿಯನ್ನು ಅವಳ ಕಡೆ ಮಾಡಿದ. ಓಣಿಯೂ ನಿಂತಿತು. ಗಂಗೂಬಾಯಿ ದೀಪದ ಬತ್ತಿ ಬಿಟ್ಟು ಎದ್ದು ಬಂದಳು.

"ಮಾಮಂಜಿ," ಎಂದು ಹೌಸಾಬಾಯಿ ಕೂಗಿದಳು. ದನಿ ಹೊಳೆಯ ಆಚೆಗೂ ಹೋಗುವಂತಿತ್ತು. "ಅವತ್ತ ನಾ ಆಡಿದ್ದು ಸುಳ್ಳು. ಮಗಾ ಹೋದ ಸಂಕಟದಾಗ ಆಡಿದೆ. ಜಾಲಿಂದರನ್ನ ತೋಪಿಗೆ ಸೇರಸ್ರಿ ಅಂತ ನಿಮಗ ಹೇಳಿ ಕಳಿಸಿದಾಕಿ ನಾನ. ಹೂಂ ಅಂದಾಕಿ ನಾನ. ಅವ ನಾ ಹೇಳಿದ್ದನ್ನ ಹೇಳಿದಂಗ ನಿಮಗ ಮುಟ್ಟಿಸಿದ."

ತಾತ್ಯಾ ತಲೆ ಎತ್ತಿದ. ಸೊಸೆಯ ಮುಖ ನೋಡಿದ. ಅವಳ ಹಿಂದೆ ಬಾಗಿಲಲ್ಲಿ ನಿಂತ ಮುಕ್ತಾಳನ್ನು ನೋಡಿದ. ಹುಡುಗಿಯ ಕಣ್ಣುಗಳು ತುಂಬಿದ್ದವು. ಮುದುಕನ ಬೋಳು ಬಾಯಿ ಒಂದೆರಡು ಸಲ ಅಲುಗಿತು. ಆಮೇಲೆ ಅವನು ತನ್ನ ಎಂದಿನ ದೊಡ್ಡ ದನಿಯಲ್ಲಿ, ಓಣಿಗೆಲ್ಲ ತಿಳಿಯುವ ಹಾಗೆ ಹೇಳಿದ:

"ಹೌದವಾ. ಹೂಂ ಅಂದಿದ್ದಿ. ನನಗ ಕೇಳಿಸಿತ್ತು."

ಒಂದು ಎಮ್ಮೆ ಎಲ್ಲರ ನಡುವೆ ದಾರಿ ಮಾಡಿಕೊಂಡು ಹೋಯಿತು. ಪಾಟೀಲ ಕೆಮ್ಮಿದ. ಮೃದಂಗದವನು ಹೊತ್ತಾಯಿತು, ತಾತ್ಯಾ ಉಂಡು ಬರಲಿ, ಅಲ್ಲಿಯವರೆಗೆ ಕಾಯುತ್ತೇವೆ ಎಂದು ಯಾರಿಗೋ ಹೇಳಿದಂತೆ ಹೇಳಿದ. ತಾತ್ಯಾ ಕಟ್ಟೆಯ ಮೇಲೆ ಹೋಗಿ ಕೂತ.

ಒಳಗೆ ಮುಕ್ತಾ ಎಂದಿನಂತೆ ತಾಟಿಗೆ ಕೈ ಚಾಚಿದಳು. ಹೌಸಾಬಾಯಿ ಕೊಡಲಿಲ್ಲ. ಭಾಕರಿಯನ್ನು ಸಣ್ಣಗೆ ಮುರಿದಳು, ಹಾಲು ಹಾಕಿದಳು, ಮೆತ್ತಗಾಗುವ ತನಕ ಪಕ್ಕದಲ್ಲೇ ಕೂತು ಕಾದಳು. ಆಮೇಲೆ ತಾಟನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದು, ಏನನ್ನೂ ಹೇಳದೆ, ಮಾವನ ಕೈಗೆ ಕೊಟ್ಟಳು.